ಜಿನೋವಾದ ಒಬ್ಬಂಟಿ ಕೋಣೆ

ಈಗಲೂ ನನ್ನ ಫೋನಿಗೆ ಆಗಾಗ ಒಂದು ಸಂದೇಶ ಬಂದು ಬೀಳುತ್ತದೆ: ಜಿನೋವಾದಲ್ಲಿ ನೀವು ಮೆಚ್ಚಿದ ಕೋಣೆ ಮತ್ತೆ ಖಾಲಿಯಾಗಿದೆ, ಬೇಗ ಹಿಡಿಯಿರಿ. ಇವತ್ತು ಬೆಳಿಗ್ಗೆಯೂ ಬಂತು. ಬಳ್ಳಾರಿಯ ಗಾಂಧಿನಗರದ ನಮ್ಮ ಮನೆಯ ಕಟ್ಟೆಯ ಮೇಲೆ ಕೂತು ಒಗ್ಗರಣೆ ಮಂಡಕ್ಕಿಗೆ ಕೈ ಹಾಕಿದ್ದೆ. ಮಿರ್ಚಿಯ ಎಣ್ಣೆ ಹತ್ತಿದ ಬೆರಳಿನಿಂದಲೇ ಅದನ್ನು ಅಳಿಸಲು ನೋಡಿದೆ. ಅಳಿಯುವ ಬದಲು ಆ ಕೋಣೆಯೇ ತೆರೆದುಕೊಂಡಿತು. ಕಿರಿದಾದ ಕಬ್ಬಿಣದ ಮಂಚ, ಬಿಳಿ ಚಾದರ, ಹಸಿರು ಬಾಗಿಲಿನ ಕಿಟಕಿ, ಕಿಟಕಿಯಾಚೆ ಎದುರು ಮನೆಯವರು ಓಣಿಯ ಮೇಲೆ ಒಣಹಾಕಿದ ಬಟ್ಟೆ. ಮಂಡಕ್ಕಿ ಮೆತ್ತಗಾಗುವವರೆಗೂ ನೋಡುತ್ತ ಕೂತೆ. ಈ ಕೋಣೆಯನ್ನು ಮೆಚ್ಚಿದವನು ನಾನಲ್ಲ, ನನ್ನ ಚಿಗವ್ವ. ಫೋನಿಗೆ ಅಷ್ಟು ತಿಳಿಯುವುದಿಲ್ಲ. ಯಾರ ಬೆರಳು ಒತ್ತಿತೋ ಮೆಚ್ಚಿಕೆಯೂ ಅವರದೇ ಎಂದುಕೊಂಡಿದೆ. ಮನೆಗಳಲ್ಲಿ ನಡೆಯುವುದಕ್ಕಿಂತ ಅದೇನೂ ಬೇರೆಯಲ್ಲ.

ಮಾತು ದಿಕ್ಕು ತಪ್ಪಿದ್ದು ಎರಡು ವರ್ಷದ ಹಿಂದಿನ ಒಂದು ಭಾನುವಾರ, ಸತ್ಯನಾರಾಯಣಪೇಟೆಯ ಸೋದರಮಾವನ ಮನೆಯ ಪಡಸಾಲೆಯಲ್ಲಿ. ಯಾರ್ಯಾರು ಇದ್ದರೆಂದು ಮೊದಲೇ ಹೇಳಿಬಿಡುತ್ತೇನೆ. ಆರಾಮ ಕುರ್ಚಿಯಲ್ಲಿ ಮಾವ, ವಿಭೂತಿ ಇನ್ನೂ ಹಸಿಯಾಗಿತ್ತು. ನೆಲದ ಮೇಲೆ ಮೊರ ಇಟ್ಟುಕೊಂಡು ಶೇಂಗಾ ಆರಿಸುತ್ತಿದ್ದ ಅತ್ತೆ. ಕುರುಗೋಡಿನಿಂದ ಬಂದಿದ್ದ ಅತ್ತೆಯ ತಂಗಿ ಮತ್ತು ಆಕೆಯ ಗಂಡ, ಅಂದರೆ ಮಾವನ ಷಡ್ಡಕ. ಯಾವ ಮಾತಿಗೂ ತೊಡೆ ತಟ್ಟಿ ನಗುವ ಮನುಷ್ಯ. ಹಿತ್ತಲಿಗೆ ಹೋಗುವ ಬಾಗಿಲಿನ ಹೊಸ್ತಿಲ ಹತ್ತಿರ ಚಿಗವ್ವ, ಪಾರ್ವತಮ್ಮ. ನನ್ನ ತಾಯಿಗೆ ತಂಗಿ, ಮಾವನಿಗೂ ತಂಗಿ. ಅವಳ ಪಕ್ಕ ಫೋನು ಹಿಡಿದುಕೊಂಡು ನಾನು.

ಚಿಗವ್ವನನ್ನು ಸಿರುಗುಪ್ಪಕ್ಕೆ ಕೊಟ್ಟಿದ್ದರು. ಗಂಡ ತೀರಿಕೊಂಡ ಮೇಲೆ ಒಂದು ಟ್ರಂಕು ಹಿಡಿದುಕೊಂಡು ಅಣ್ಣನ ಮನೆಗೆ ಬಂದಳು. ಆಗ ನಾನು ಚಡ್ಡಿ ಹಾಕುತ್ತಿದ್ದೆ. ಬಳ್ಳಾರಿಯ ತುಂಬ ಜೀನ್ಸ್ ಹೊಲಿಯುವ ಕೆಲಸ ಹಬ್ಬುತ್ತಿದ್ದ ಕಾಲ ಅದು. ಚಿಗವ್ವ ಮನೆಗೇ ತುಂಡು ತಂದು ಜೇಬು ಹಚ್ಚಿಕೊಡಲು ಶುರುಮಾಡಿದಳು. ಮುಂದೆ ಹಿತ್ತಲಲ್ಲಿ ತಗಡಿನ ಶೆಡ್ಡು ಬಂತು, ಮಷೀನು ಬಂದವು, ಹೊಲಿಯುವ ಹೆಣ್ಣುಮಕ್ಕಳು ಬಂದರು. ಬೋರ್ಡು ಮಾತ್ರ ಮಾವನ ಹೆಸರಿನಲ್ಲಿ ಬಂತು. ಮಾವ ಕಾಳಿನ ವ್ಯಾಪಾರ ಮಾಡುವವರು. ಸೂಜಿಗೆ ದಾರ ಪೋಣಿಸಿದ್ದನ್ನು ನಾನು ಕಂಡಿಲ್ಲ. ಆದರೆ ಗಂಡಸಿನ ಹೆಸರಿದ್ದರೆ ಬ್ಯಾಂಕಿನವರು ಕೂರಿಸಿ ಮಾತಾಡುತ್ತಾರೆ ಎಂದು ಆವಾಗ ಎಲ್ಲರೂ ಅಂದರು, ಚಿಗವ್ವನೂ ಅಂದಳು.

ಅವಳ ಉಗುರಿನ ಸಂದಿಯಲ್ಲಿ ಸದಾ ನೀಲಿ. ನಿಂಬೆಸಿಪ್ಪೆ ಉಜ್ಜಿದರೂ ಹೋಗುತ್ತಿರಲಿಲ್ಲ. ಅವಳು ತಟ್ಟಿದ ಬಿಳಿಜೋಳದ ರೊಟ್ಟಿಯ ಅಂಚಿನಲ್ಲಿ ಒಂದೊಂದು ಸಲ ನೀಲಿ ಛಾಯೆ ಕಂಡರೆ ನನ್ನಜ್ಜಿ, "ಏನವ್ವಾ ಪಾರಿ, ಶಿವನ ಕೊರಳಾಗಿಂದು ನಿನ್ನ ಕೈಯಾಗ ಇಳದೈತೇನು?" ಅನ್ನುತ್ತಿದ್ದಳು. ಚಿಗವ್ವ, "ಆತಗ ಕುಡದು ಹೆಸರು ಬಂತು, ನನಗ ಕೂಲಿ ಬಂತು" ಎಂದು ಉತ್ತರ ಕೊಡುತ್ತಿದ್ದಳು.

ಜಿನೋವಾದ ಹುಚ್ಚು ಹಿಡಿಸಿದವನು ದಾರ ಮಾರಲು ಬರುತ್ತಿದ್ದ ಒಬ್ಬ ಏಜೆಂಟ. ಜೀನ್ಸ್ ಎಂಬ ಹೆಸರು ಇಟಲಿಯ ಜಿನೋವಾ ಎಂಬ ಬಂದರಿನಿಂದ ಹುಟ್ಟಿದ್ದು, ಅಲ್ಲಿನ ಹಡಗಿನವರು ಈ ನೀಲಿ ಬಟ್ಟೆ ಉಡುತ್ತಿದ್ದರು, ನೂರಾರು ವರ್ಷದ ಹಳೇ ನೀಲಿ ಬಟ್ಟೆಯ ಮೇಲೆ ದೇವರ ಚಿತ್ರ ಬರೆದದ್ದನ್ನು ಇನ್ನೂ ಕಾದಿಟ್ಟಿದ್ದಾರೆ ಎಂದು ಹೇಳಿ, ಚಹಾ ಕುಡಿದು ಹೋದ. ಚಿಗವ್ವ ಅವತ್ತೇ ನನ್ನನ್ನು ಕರೆಸಿದಳು. ಫೋನಿನಲ್ಲಿ ಊರು ತೋರಿಸಿದೆ. ಗುಡ್ಡಕ್ಕೆ ಹತ್ತಿಕೊಂಡ ಮನೆಗಳು, ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಸರಿಯಬೇಕಾದ ಓಣಿಗಳು, ತಲೆಯ ಮೇಲೆ ಒಣಗುವ ಬಟ್ಟೆ, ಕೆಳಗೆ ಸಮುದ್ರ.

"ಅಯ್ಯ, ಇದೇನಲೇ, ನಮ್ಮ ಕೌಲ್‌ಬಜಾರಕ್ಕ ಸಮುದ್ರ ಹಚ್ಚಿದಂಗೈತಿ!" ಎಂದಳು. ಆಮೇಲೆ ಫೋನನ್ನು ಕಣ್ಣಿನ ಹತ್ತಿರ ತಂದುಕೊಂಡು, "ಆ ಹಳೇ ಬಟ್ಟಿ ನಾ ಒಮ್ಮಿ ಕಣ್ಣಿಲೆ ನೋಡಬೇಕಲೇ. ಹೊಲಿಗಿ ಹೆಂಗ ಹಾಕ್ಯಾರ ನೋಡಬೇಕು" ಎಂದಳು.

"ಒಬ್ಬಾಕೀನೇ?" ಎಂದು ಕೇಳಿದೆ.

"ಶ್ರೀಶೈಲಕ್ಕ ನಡಕೊಂತ ಹೋಗಿ ಬಂದಾಕಿಗೆ ಇಮಾನದಾಗ ಕುಂತು ಹೋಗಾಕ ಏನ್ ಧಾಡಿ? ನೀ ಬರಬ್ಯಾಡ. ಇಳಿಯಾಕ ಒಂದು ಜಾಗ ಹುಡುಕಿ ಕೊಡು ಸಾಕು."

ಹೀಗೆ ನಮ್ಮ ಹುಡುಕಾಟ ಶುರುವಾಯಿತು. ನನಗೆ ಅಲ್ಲಿಯವರೆಗೆ ಹೋಟೆಲ್ಲು ಹುಡುಕುವುದರಲ್ಲಿದ್ದ ಅನುಭವವೆಂದರೆ ಹುಬ್ಬಳ್ಳಿ ಬಸ್ ಸ್ಟ್ಯಾಂಡಿನೆದುರು ನಿಂತು ಯಾವ ಲಾಡ್ಜಿನ ದೀಪ ಹತ್ತಿದೆ ಎಂದು ನೋಡುವುದಷ್ಟೇ. ಆದರೂ ಬಹಳ ತಿಳಿದವನಂತೆ ಅಗ್ಗದ್ದು, ಬಂದರಿಗೆ ಹತ್ತಿರದ್ದು, ಒಲೆ ಇರುವುದು ಎಂದು ಗುರುತು ಹಾಕುತ್ತ ಹೋದೆ. ಉಳಿದು ಹೋದವರು ಬರೆದ ಮಾತುಗಳನ್ನು ಕನ್ನಡಕ್ಕೆ ತಿರುಗಿಸಿ ಓದುತ್ತಿದ್ದೆ. ಚಿಗವ್ವ ಅವನ್ನು ಹೆಣ್ಣು ಕೊಡುವ ಮನೆಯ ಸುದ್ದಿ ಕೇಳಿದ ಹಾಗೆ ಕೇಳುತ್ತಿದ್ದಳು. "ನೀರು ಬಿಸಿ ಬರಂಗಿಲ್ಲಂತ? ಬಿಡು ಅದನ್ನ. ಒಡತಿ ಸಿಡುಕಿ ಅಂತ? ಇರಲಿ, ಸಿಡುಕೋರು ಸ್ವಚ್ಛ ಇರ್ತಾರ." ಕಡೆಗೆ ಒಂದು ಮನೆ ಸಿಕ್ಕಿತು. ಮೂರನೆಯ ಮಹಡಿ, ಲಿಫ್ಟು ಇಲ್ಲ. ಕನ್ನಡಕ ಹಾಕಿದ ದಪ್ಪ ಮುದುಕಿಯೊಬ್ಬಳ ಫೋಟೋ ಇತ್ತು. "ಈಕಿ ಮುಖ ನೋಡು. 'ಉಂಡ್ಯೇನು' ಅಂತ ಕೇಳೋ ಮುಖ. ಇದ ಇರಲಿ."

ಒಬ್ಬರಿಗಷ್ಟೇ ಆಗುವ ಕೋಣೆ ಅದು. ಆ ಮಂಚವನ್ನು ಬೆರಳಲ್ಲಿ ದೊಡ್ಡದು ಮಾಡಿ ಮಾಡಿ ನೋಡಿದಳು. ಆಗ ನನಗೆ ಹೊಳೆಯಿತು: ಹುಟ್ಟಿದಾಗಿನಿಂದ ಚಿಗವ್ವನಿಗೆ ತನ್ನದೆಂಬ ಕೋಣೆ ಇದ್ದದ್ದಿಲ್ಲ. ಪಡಸಾಲೆಯಲ್ಲಿ, ಬಾಣಂತಿಯರ ಬದಿಯಲ್ಲಿ, ಅಜ್ಜಿಯ ಮಂಚದ ಕೆಳಗೆ, ಈಚೆಗೆ ಶೆಡ್ಡಿನಲ್ಲಿ ಬಟ್ಟೆಯ ಥಾನುಗಳ ನಡುವೆ ಮಲಗಿದವಳು. "ಚಿಲಕ ಒಳಗಿಂದ ಐತೇನು?" ಎಂದು ಕೇಳಿದಳು. ಐತಿ ಎಂದೆ. ಬುಕ್ ಮಾಡಿದೆ.

ಇನ್ನು ಆ ಭಾನುವಾರಕ್ಕೆ ಬರುತ್ತೇನೆ. ನಮ್ಮ ಕಡೆ ಪರಸ್ಥಳಕ್ಕೆ ಹೋಗುವವರು ಹಿರಿಯರಿಗೆ ಹೇಳಿ ಹೋಗಬೇಕು. ಹೇಳುವಾಗ ಬರಿದೇ "ನಾ ಹೊಂಟೀನಿ" ಅನ್ನಬಾರದು, ಅದು ಅಹಂಕಾರ. "ನೀವೂ ಬರ್ರಿ" ಅನ್ನಬೇಕು. ಕೇಳಿಸಿಕೊಂಡವರು "ನೀವು ಹೋಗಿ ಬರ್ರಿ, ನಮ್ಮ ಪಾಲಿಂದೂ ನೀವ ನೋಡಿ ಬರ್ರಿ" ಅನ್ನಬೇಕು. ಆಗ ಎರಡೂ ಕಡೆ ಮರ್ಯಾದೆ ಉಳಿದು, ಹೋಗುವವರು ಮಾತ್ರ ಹೋಗುತ್ತಾರೆ. ಕಾಶಿಗೆ ಹೋದವರೂ ಹಾಗೇ ಹೋದದ್ದು, ಹಂಪಿಗೆ ಹೋದವರೂ ಹಾಗೇ.

ಚಿಗವ್ವ ಹೊಸ್ತಿಲ ಹತ್ತಿರ ನಿಂತು ಎಲ್ಲ ಹೇಳಿ, ಕೊನೆಗೆ, "ನೀವೂ ಬರ್ರಿ ಅಣ್ಣ, ಎಲ್ಲಾರೂ ಬರ್ರಿ" ಎಂದಳು.

ಮಾವ ಬಾಯಿ ತೆರೆಯುವ ಮೊದಲೇ ಷಡ್ಡಕ ತೊಡೆ ತಟ್ಟಿದರು. "ಯಾಕ ಬರಬಾರದು? ಪಾಸ್‌ಪೋರ್ಟ್ ಮಾಡಿಸಿ ಪೂಜಿಗೆ ಇಟ್ಟಂಗ ಇಟ್ಟೀವಿ. ನಡೀರಿ ಹೋಗಣು!"

ಮಾವ ಅತ್ತೆಯ ಮುಖ ನೋಡಿದರು. ಅತ್ತೆ ಮೊರ ಕೆಳಗಿಟ್ಟಳು. "ಆತವ್ವ ಪಾರಿ, ಬರ್ತೀವಿ" ಎಂದರು ಮಾವ.

"ಬರ್ರಿ, ಬರ್ರಿ" ಎಂದಳು ಚಿಗವ್ವ. ಎರಡನೆಯ 'ಬರ್ರಿ' ತುಸು ಕೆಳಗೆ ಬಿತ್ತು.

ಮಾವನ ಮೊದಲ ಪ್ರಶ್ನೆ, "ಅಲ್ಲಿ ನಮ್ಮೋರು ಯಾರೂ ಇಲ್ಲೇನು?" ನಗಬೇಡಿ. ಊರಿನಲ್ಲಿ ಸಂಬಂಧಿಕರಿದ್ದೂ ಲಾಡ್ಜಿನಲ್ಲಿ ಇಳಿದವನನ್ನು ನಮ್ಮಜ್ಜಿ ಮನುಷ್ಯರ ಪೈಕಿ ಹಿಡಿಯುತ್ತಿರಲಿಲ್ಲ. ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆ ಮುದುಕಿಯ ಮನೆಯನ್ನು ತೋರಿಸಿದೆ. ಲಿಫ್ಟಿಲ್ಲ ಎಂದು ಅತ್ತೆ ಬೇಡವೆಂದಳು. ಲಿಂಗಪೂಜೆಗೆ ಮಡಿ ಜಾಗ ಇಲ್ಲವೆಂದು ಮಾವ ಬೇಡವೆಂದರು. ಓಣಿ ನೋಡಿ ಅತ್ತೆಯ ತಂಗಿ ಮೂಗು ಮುರಿದಳು: "ಇಂಥಾ ಸಂದ್ಯಾಗ ಇಳಿಯಾಕ ಇಟಲಿಗ್ಯಾಕ ಹೋಗಬೇಕು, ಕುರುಗೋಡಾಗ ಇಲ್ಲೇನು?" ರೈಲ್ವೆ ಸ್ಟೇಷನ್ ಎದುರು ಲಿಫ್ಟಿನ ಹೋಟೆಲ್ಲೊಂದು ಎಲ್ಲರಿಗೂ ಒಪ್ಪಿಗೆಯಾಯಿತು. ಅಲ್ಲಿ ಇದ್ದವೆಲ್ಲ ಇಬ್ಬಿಬ್ಬರ ಕೋಣೆ. ಜೋಡಿ ಎರಡು, ಮಿಕ್ಕವಳು ಚಿಗವ್ವ. ಒಬ್ಬಳಿಗಾಗಿ ಇಬ್ಬರ ಕೋಣೆ ಹಿಡಿಯುವುದು ಯಾಕೆ ಎಂದರು. ಯಾವುದಾದರೊಂದು ಕೋಣೆಯಲ್ಲಿ ಮೂರನೆಯ ಮಂಚ ಹಾಕಿಸಿದರಾಯಿತು ಎಂದರು. ಯಾರ ಕೋಣೆಯಲ್ಲಿ ಎಂಬಲ್ಲಿಗೆ ಬಂದಾಗ ಇಬ್ಬರು ಹೆಂಗಸರೂ ಶೇಂಗಾ ನೋಡಿದರು.

"ನನ್ನ ಕೋಣಿ ಹಂಗ ಇರಲಿ ಬಿಡಣ್ಣ" ಎಂದಳು ಚಿಗವ್ವ. "ನಾ ಮುದುಕಿ ಮನ್ಯಾಗ ಇಳಿತೀನಿ. ಹಗಲೊತ್ತು ಕೂಡಿ ಅಡ್ಡಾಡಿದ್ರಾತು."

"ನಾವೊಂದು ಕಡಿ, ನನ್ನ ತಂಗಿ ಒಬ್ಬಾಕೀನ ಇನ್ನೊಂದು ಕಡಿ ಲಾಡ್ಜಿನ್ಯಾಗಾ? ನೋಡಿದೋರು ಏನಂದಾರು?"

ನನಗೆ ತಡೆಯಲಾಗಲಿಲ್ಲ. "ಅಲ್ಲಿ ನೋಡೋರು ಯಾರದಾರ ಮಾವ?"

"ನಾನೇ ಅದೀನಲ್ಲೋ" ಎಂದರು ಮಾವ.

ಮಾವ ಕೆಟ್ಟವರಲ್ಲ ನೋಡಿ. ತಂಗಿಗೆ ಕಾಯಿಲೆಯಾದಾಗ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಬೆಳಗು ಮಾಡಿದವರು. ಅವಳ ಮೇಲೆ ಕಣ್ಣಿಡುವುದನ್ನೇ ಅವರು ಪ್ರೀತಿ ಎಂದು ಕಲಿತಿದ್ದರು.

ಅತ್ತೆ ಮೆತ್ತಗೆ ಶುರುಮಾಡಿದಳು. "ಊರ ತುಂಬ ಬರೀ ಮೆಟ್ಟಿಲಂತ. ಪಾರವ್ವಗ ಮಣಕಾಲು ನೋವು ಬ್ಯಾರೆ. ಮತ್ತ ಮುಂಬೈ ಆರ್ಡರು ಬಂದೈತಿ, ಹೊಲಿಯೋ ಹುಡುಗೇರ ಮ್ಯಾಲೆ ಒಬ್ಬರು ಬ್ಯಾಡೇನು?"

ಚಿಗವ್ವ ಸೆರಗಿನ ತುದಿಯಿಂದ ಉಗುರು ಒರೆಸಿಕೊಂಡಳು. "ಹಂಗಾದ್ರ ನೀವ ಹೋಗಿ ಬರ್ರಿ. ನಾ ಒಲ್ಲೆ."

ನಮ್ಮಜ್ಜಿ ಒಂದು ಮಾತು ಹೇಳುತ್ತಿದ್ದಳು. ಊಟಕ್ಕೆ ಕೂತವರು ಬೇಡವೆಂದರೆ ಮೂರು ಸಲ ಕೇಳಬೇಕು. ಮೊದಲನೆಯ 'ಬ್ಯಾಡ' ನಾಚಿಕೆಯದು, ಎರಡನೆಯದು ಮರ್ಯಾದೆಯದು, ಮೂರನೆಯದು ಮಾತ್ರ ಹೊಟ್ಟೆಯದು. ಆ ಪಡಸಾಲೆಯಲ್ಲಿ ಇದ್ದವರೆಲ್ಲ ಈ ಪಾಠ ಕಲಿತೇ ಬೆಳೆದವರು. ಬೀಗರ ಎಲೆಗೆ ಹೋಳಿಗೆ ಬಡಿಸುವಾಗ ಕೈ ಅಡ್ಡ ಹಿಡಿದರೂ ಸಂದಿಯಲ್ಲಿ ಹಾಕುವವರು. ಚಿಗವ್ವ ಎರಡನೆಯ ಸಲ ಕೇಳುತ್ತಾರೆಂದು ಕಾದು ನಿಂತಿದ್ದಳು. ಅದು ನನಗೆ ಕಾಣುತ್ತಿತ್ತು, ಎಲ್ಲರಿಗೂ ಕಾಣುತ್ತಿತ್ತು. ನಾನು, "ಬಾ ಚಿಗವ್ವ, ಮೂರನೇ ಕೋಣಿ ಹಿಡಿಯೋಣು" ಎಂದೆ. ಅಕ್ಕನ ಮಗ ಕೇಳಿದರೆ ಅದು ಲೆಕ್ಕಕ್ಕಿಲ್ಲ. ಕೇಳಬೇಕಾದವರು ಕೇಳಲಿಲ್ಲ. ಷಡ್ಡಕ, "ಆತು ಬಿಡ್ರಿ, ನಿಮ್ಮ ಪಾಲಿಂದೂ ನಾವ ನೋಡಿ ಬರ್ತೀವಿ" ಎಂದು ತೊಡೆ ತಟ್ಟಿದರು.

ಮುದುಕಿಯ ಮನೆಯ ಕೋಣೆಯನ್ನು ಅವತ್ತೇ ಬಿಟ್ಟುಕೊಟ್ಟೆ. ಬೇಡವಾದ ಕಾರಣವೇನು ಎಂದು ಫೋನು ಕೇಳಿತು. ಇದಕ್ಕಿಂತ ಅಗ್ಗದ್ದು ಸಿಕ್ಕಿತೇ, ಪ್ರಯಾಣದ ದಿನ ಬದಲಾಯಿತೇ, ತಪ್ಪಿ ಒತ್ತಿದಿರೇ. ಚಿಗವ್ವ ಪಕ್ಕದಲ್ಲಿ ಕೂತು, "ಏನ್ ಕೇಳ್ತೈತಲೇ ಅದು?" ಎಂದಳು. "ಸುಮ್ನ ಕೇಳ್ತೈತಿ" ಎಂದೆ. "ಕೇಳಲಿ ಬಿಡು. ಅದಾದ್ರೂ ಕೇಳ್ತಲ್ಲ" ಎಂದು ಎದ್ದುಹೋದಳು.

ನಾಲ್ವರೂ ಹೋಗಿ ಬಂದರು. ಹಡಗಿನ ಮುಂದೆ ನಿಂತ ಫೋಟೋ, ಕಾರಂಜಿಯ ಮುಂದೆ ನಿಂತ ಫೋಟೋ, ಹೋಟೆಲ್ಲಿನ ಲಿಫ್ಟಿನೊಳಗಿನ ಕನ್ನಡಿಯಲ್ಲಿ ತೆಗೆದ ಫೋಟೋ. "ಆ ಹಳೇ ಬಟ್ಟಿ ನೋಡಿದ್ರೇನಣ್ಣ?" ಎಂದು ಚಿಗವ್ವ ಕೇಳಿದಳು. ಮಾವ ಹೆಂಡತಿಯ ಕಡೆ ನೋಡಿದರು. "ಅದನ್ನ ನೋಡಬೇಕಂದ ದಿನ ಬಜಾರಿಗೆ ಹೋದ್ವಿ" ಎಂದಳು ಅತ್ತೆ. ಮೊಮ್ಮಗನಿಗೆಂದು ಅಲ್ಲಿಂದ ಒಂದು ಜೀನ್ಸ್ ತಂದಿದ್ದರು. ಚಿಗವ್ವ ಅದನ್ನು ಒಳಮಗ್ಗುಲು ಮಾಡಿ, ತೊಡೆಸಂದಿಯ ಹೊಲಿಗೆಯನ್ನು ಹೆಬ್ಬೆರಳಿನಿಂದ ಎಳೆದು ನೋಡಿ, "ಜಾಳಾಗೈತಿ" ಎಂದಳು. ಅಷ್ಟೇ.

ಮರುವರ್ಷ ಚಿಗವ್ವ ನನ್ನೊಬ್ಬನನ್ನು ಬಿಟ್ಟು ಯಾರಿಗೂ ಹೇಳದೆ ತನ್ನೊಬ್ಬಳಿಗೇ ವೀಸಾಕ್ಕೆ ಅರ್ಜಿ ಹಾಕಿದಳು. ಮುದುಕಿಯ ಮನೆಯ ಅದೇ ಕೋಣೆಯನ್ನು ಮತ್ತೆ ಹಿಡಿದೆ. ಬೆಂಗಳೂರಿನ ವೀಸಾ ಕಚೇರಿಗೆ ಜೊತೆಗೆ ಹೋದವನೂ ನಾನೇ. ಊರಲ್ಲಿ ಅವಳದೆಂದು ಏನೇನಿದೆ ಎಂಬುದಕ್ಕೆ ಕಾಗದ ಕೇಳಿದರು. ಮನೆ ಅಣ್ಣನದು. ಶೆಡ್ಡು ಅಣ್ಣನದು. ಮಷೀನು, ವ್ಯಾಪಾರ, ಬ್ಯಾಂಕಿನ ಖಾತೆ ಎಲ್ಲ ಅಣ್ಣನ ಹೆಸರಿನಲ್ಲಿ. ಗಂಡನಿಲ್ಲ, ಮಕ್ಕಳಿಲ್ಲ. ಅವಳ ಹೆಸರಿನಲ್ಲಿದ್ದದ್ದು ಆಧಾರ್ ಕಾರ್ಡು, ರೇಷನ್ ಕಾರ್ಡಿನ ಕೊನೆಯ ಸಾಲು, ಒಂದು ಸಣ್ಣ ಉಳಿತಾಯದ ಪಾಸ್‌ಬುಕ್ಕು.

ಕೆಲವು ವಾರದ ಮೇಲೆ ಪಾಸ್‌ಪೋರ್ಟು ಖಾಲಿ ಮರಳಿತು, ಜೊತೆಗೆ ಇಂಗ್ಲಿಷಿನ ಒಂದು ಹಾಳೆ. ಶೆಡ್ಡಿನಲ್ಲಿ ಮಷೀನುಗಳ ಸದ್ದಿನ ನಡುವೆ ಓದಿದೆ.

"ಏನಂತ?"

"ನೀ ತಿರುಗಿ ಬರ್ತಿ ಅಂತ ಅವರಿಗೆ ನಂಬಿಕಿ ಇಲ್ಲಂತ ಚಿಗವ್ವ."

ಅವಳು ಮಷೀನು ನಿಲ್ಲಿಸಲಿಲ್ಲ. ಹಿಡಿದಿದ್ದ ಜೇಬು ಪೂರ್ತಿ ಹಚ್ಚಿ, ದಾರ ಕಡಿದು, ಆಮೇಲೆ ನಕ್ಕಳು. "ಗಂಡ ಸತ್ತ ಮ್ಯಾಲೆ ತಿರುಗಿ ಬಂದಾಕಿ, ಮೂವತ್ತು ವರ್ಷ ಎಲ್ಲಿ ಹೋದ್ರೂ ಈ ಹಿತ್ತಲಕ್ಕ ಬಂದು ಬಿದ್ದೀನಿ. ಇಷ್ಟ್ಯಾಕ ತಿರುಗಿ ಬಂದಿ ಅಂತ ಕೇಳಿದ್ರ ಉತ್ತರ ಕೊಡ್ತಿದ್ನಿ."

ಮಾವನಿಗೆ ತಿಳಿದು ಶೆಡ್ಡಿಗೇ ಬಂದರು. "ನನಗೊಂದು ಮಾತು ಹೇಳಿದ್ರ ಆಗ್ತಿದ್ದಿಲ್ಲೇನವ್ವ? ಮತ್ತ ಹಾಕು. ನಾ ಜವಾಬ್ದಾರಿ ಅಂತ ಸಹಿ ಹಾಕಿ ಕೊಡ್ತೀನಿ."

"ಬ್ಯಾಡಣ್ಣ" ಎಂದಳು ಚಿಗವ್ವ. ಮಾವ ಮತ್ತೊಮ್ಮೆ ಕೇಳಿದರು. ಮೂರನೆಯ ಸಲವೂ ಕೇಳಿದರು. ಮೂರಕ್ಕೂ ಅವಳದು ಒಂದೇ ಉತ್ತರ.

ಫೋನು ಇನ್ನೂ ನನ್ನ ಕೈಯಲ್ಲೇ ಇದೆ. ಈ ಸಂದೇಶ ಬಾರದಂತೆ ಮಾಡುವುದು ಹೇಗೆಂದು ನನ್ನ ಮಗಳಿಗೆ ಗೊತ್ತು. ಕೇಳಿಲ್ಲ, ಕೇಳುವುದೂ ಇಲ್ಲ.

ವೀಸಾ ಸಿಗದ ಆ ಬೇಸಿಗೆ ಮುಗಿಯುವುದರೊಳಗೆ ಚಿಗವ್ವ ಎರಡು ಹಳೆಯ ಮಷೀನು ತೆಗೆದುಕೊಂಡು ಸಿರುಗುಪ್ಪಕ್ಕೆ ಹೋದಳು. ಅಕ್ಕಿ ಗಿರಣಿಯ ಹಿಂದಿನ ಓಣಿಯಲ್ಲಿ ಬಾಡಿಗೆಗೆ ಒಂದು ಕೋಣೆ ಹಿಡಿದಳು. ಶ್ರಾವಣ ಬಂತು. ಪಂಚಮಿಗೆ ಅಣ್ಣಂದಿರು ತಂಗಿಯರನ್ನು ತವರಿಗೆ ಕರೆದು ತರುವುದು ನಮ್ಮ ಪದ್ಧತಿ. ಮನೆಯಲ್ಲೇ ಇದ್ದವಳನ್ನು ಮಾವ ಅಷ್ಟು ವರ್ಷ ಕರೆಯಬೇಕಾಗಿ ಬಂದಿರಲಿಲ್ಲ. ಈ ಸಲ ಇಸ್ತ್ರಿ ಅಂಗಿ ತೊಟ್ಟು, ಸೀರೆ, ಕುಪ್ಪಸದ ಕಣ ಹಿಡಿದುಕೊಂಡು ಸಿರುಗುಪ್ಪದ ಬಸ್ಸು ಹತ್ತಿದರು. ಅವಳು ಚಹಾ ಮಾಡಿ ಕೊಟ್ಟಳಂತೆ. ಶೇಂಗಾ ಉಂಡೆ, ಎಳ್ಳುಂಡೆ ಡಬ್ಬಿಗೆ ತುಂಬಿ ಕೊಟ್ಟಳಂತೆ. ಸಂಜೆಯ ಬಸ್ಸಿಗೆ ಮಾವ ಒಬ್ಬರೇ ಬಂದು ಇಳಿದರು.