ಧೂಳು ಅಳೆಯಲು ಹಳಿಯಾಳಕ್ಕೆ

ಬೆಳಗಿನ ಏಳರ ಬಸ್ಸಿಗೆ ದಾಂಡೇಲಿ ಬಿಟ್ಟೆ. ಚಳಿ ಚೆನ್ನಾಗಿಯೇ ಇತ್ತು. ಹೆಂಗಸಾದ ನನಗೆ ಪ್ರಯಾಣ ಪುಕ್ಕಟೆ. ತೊಡೆಯ ಮೇಲಿದ್ದ ಯಂತ್ರದ ಪೆಟ್ಟಿಗೆಗೆ ಮಾತ್ರ ಕಂಡಕ್ಟರ್ ಲಗೇಜು ಟಿಕೆಟ್ ಹರಿದ. "ಇದೂ ಹೆಣ್ಣ ಅಂತ ತಿಳಕೋರಿ" ಎಂದರೂ ಬಿಡಲಿಲ್ಲ. ನಾನು ದಾಂಡೇಲಿಯ ಕಾರ್ಮಿಕರ ಓಣಿಯಲ್ಲೇ ಬೆಳೆದವಳು. ಈಗ ಉಸಿರಾಟದ ಕಾಯಿಲೆಗಳ ಸಂಶೋಧನೆ ನಡೆಸುವ ವೈದ್ಯರ ತಂಡದಲ್ಲಿದ್ದೇನೆ. ಕಟ್ಟಿಗೆ ಕೊಯ್ಯುವವರ ಎದೆಗೆ ದಿನಕ್ಕೆ ಎಷ್ಟು ಧೂಳು ಹೋಗುತ್ತದೆಂದು ತಿಳಿಯುವುದು ಈ ಸಲದ ಕೆಲಸ.

ಗಂಟೆಯೊಳಗೆ ಹಳಿಯಾಳ ಬಂತು. ಸಾ ಮಿಲ್ ಊರ ಹೊರಗಿತ್ತು. ಇಪ್ಪತ್ತು ವರ್ಷದಿಂದ ಗರಗಸದ ಮುಂದೆ ನಿಂತ ಈರಪ್ಪ ಕಾಕಾ ಮಾತಿಗೊಮ್ಮೆ ಕೆಮ್ಮುತ್ತಿದ್ದರು. ಅಂಗೈಯಗಲದ ಯಂತ್ರವನ್ನು ಅವರ ಅಂಗಿಗೆ ಸಿಕ್ಕಿಸಿದೆ. ಅದು ಗಾಳಿ ಎಳೆದುಕೊಂಡು, ಒಳಗಿನ ಬಿಳಿ ಬಿಲ್ಲೆಯ ಮೇಲೆ ಧೂಳು ಹಿಡಿಯುತ್ತದೆ. "ಸಂಜಿತನಕ ತಗೀಬ್ಯಾಡ್ರಿ ಕಾಕಾ" ಎಂದು ಹೇಳಿ, ಹಿಂದಿನ ಕೋಣೆಯಲ್ಲಿ ಉಳಿದವರ ಉಸಿರಿನ ಪರೀಕ್ಷೆಗೆ ಕುಳಿತೆ. ಮಧ್ಯಾಹ್ನ ಅವರ ಬುತ್ತಿಯ ರೊಟ್ಟಿ, ಹೆಸರುಕಾಳಿನ ಪಲ್ಯದಲ್ಲಿ ನನಗೂ ಪಾಲು ಸಿಕ್ಕಿತು.

ಸಂಜೆ ಕಾಕಾ ತಂದುಕೊಟ್ಟ ಯಂತ್ರ ತೆರೆದು ನೋಡಿದರೆ ಬಿಲ್ಲೆ ಹಾಲಿನಷ್ಟು ಬೆಳ್ಳಗಿತ್ತು! ಪಕ್ಕದಲ್ಲಿದ್ದ ಮಿಲ್ಲಿನ ಮ್ಯಾನೇಜರ್ ಮುಖ ಅರಳಿತು. "ನೋಡ್ರಿ, ನಮ್ಮಲ್ಲೆ ಧೂಳ ಇಲ್ಲ. ಹಿಂಗ ಬರಕೋರಿ" ಎಂದರು. ಹಾಗೆ ಬರೆದರೆ ಕಾಕಾನ ಕೆಮ್ಮಿಗೆ ಸಾಕ್ಷಿಯೇ ಉಳಿಯುವುದಿಲ್ಲ. ಆಗ ಕಣ್ಣಿಗೆ ಬಿತ್ತು, ಯಂತ್ರದ ಮೇಲೊಂದು ಕುಂಕುಮದ ಬೊಟ್ಟು.

ಕಾಕಾ ಒಮ್ಮೆ ಮ್ಯಾನೇಜರ್ ಕಡೆ ನೋಡಿದರು. ಆಮೇಲೆ ನನಗೆ ಹೇಳಿದರು, "ಸುಳ್ಳ ಬರೀಬ್ಯಾಡ್ರಿ ಬಾಯಾರ. ಹೊಸಾ ಮಷೀನು, ಪೂಜಿ ಇಲ್ದ ಹೆಂಗ ಕೆಲಸಕ್ಕ ಹಚ್ಚೂದು? ಕುಂಕುಮ ಹಚ್ಚಿ, ಗೇಟಿನ ಕಡೆ ಗ್ವಾಡ್ಯಾಗಿನ ದೇವರ ಮಾಡದಾಗ ಇಟ್ನಿ. ಹೊಲಸ ಆದೀತಂತ ಮತ್ತ ತಗೀಲೇ ಇಲ್ಲ."

ನನಗೆ ನಗು ತಡೆಯಲಾಗಲಿಲ್ಲ. ಮ್ಯಾನೇಜರ್ ನಗಲಿಲ್ಲ. "ಈರಪ್ಪಾ, ನಿನಗ ಕೆಲಸ ಬೇಕೋ ಬ್ಯಾಡೋ?"

"ಕೆಲಸಾನೂ ಬೇಕ್ರಿ, ಎದಿನೂ ಬೇಕ್ರಿ."

ಊರಿಗೆ ಹೋಗುವ ಯೋಚನೆ ಬಿಟ್ಟು ಹಳಿಯಾಳದಲ್ಲೇ ಉಳಿದೆ. ಮರುದಿನ ಹೊಸ ಬಿಲ್ಲೆ ಹಾಕಿದೆ. ಕಾಕಾ ಊಟಕ್ಕೆ ಕುಳಿತಾಗಲೂ ಯಂತ್ರ ತೆಗೆಯಲಿಲ್ಲ. ಸಂಜೆ ಬಿಲ್ಲೆ ಬೆಲ್ಲದ ಬಣ್ಣಕ್ಕೆ ತಿರುಗಿತ್ತು. ಗರಗಸ ನಿಲ್ಲಿಸಿ ಎಲ್ಲರೂ ಸುತ್ತ ನೆರೆದರು. ಮ್ಯಾನೇಜರ್ ಬಿಲ್ಲೆ ನೋಡಿ ಒಳಗೆ ಹೋದರು. ಇಬ್ಬರು ಮುಂದೆ ಬಂದು, "ನಮಗೂ ಮಷೀನ ಹಚ್ಚರಿ" ಎಂದರು. ಇವರು ನಮ್ಮವರು ಎಂದು ನನಗೆ ಬಹಳ ಹೆಮ್ಮೆಯಾಯಿತು.

ನಾನು ಬಿಲ್ಲೆಯ ಡಬ್ಬಿಯ ಮೇಲೆ ನಂಬರು ಬರೆದೆ. ಕಾಕಾ ಇಣುಕಿ ನೋಡಿದರು. "ನಂಬರಿಗೆ ಕೆಮ್ಮ ಬರತೈತೇನ್ರಿ? ನನ್ನ ಹೆಸರ ಬರೀರಿ."

ಸಂಶೋಧನೆಯಲ್ಲಿ ಯಾರ ಹೆಸರನ್ನೂ ಬರೆಯುವಂತಿಲ್ಲ, ನಿಮ್ಮ ಕೆಲಸಕ್ಕೆ ಕುತ್ತು ಬಾರದಿರಲೆಂದೇ ಈ ನಿಯಮ ಎಂದು ತಿಳಿಸಿ ಹೇಳಿದೆ.

"ಹೇಳೂದು ಎಲ್ಲಾರ ಮುಂದ ಹೇಳೇನಿ. ಆ ಬುಕ್ಕಿನಾಗ ಬ್ಯಾಡಾದ್ರ ಬ್ಯಾರೆ ಎಲ್ಲೆರೆ ಬರೀರಿ."

ಅದಕ್ಕೇ ಇಲ್ಲಿ ಬರೆದಿದ್ದೇನೆ: ಈರಪ್ಪ, ಗರಗಸದವರು, ಹಳಿಯಾಳ.