ಸ್ಟೀಲಕ್ಕನ ಎರಡನೇ ಎಣಿಕೆ

ಬೆಳಗಿನ ಐದೂವರೆ. ಆಪರೇಷನ್ ಥಿಯೇಟರಿನ ಹಿಂದಿನ ತೊಳೆಯುವ ಕೋಣೆಯಲ್ಲಿ ಒಂದೇ ಒಂದು ಟ್ಯೂಬ್‌ಲೈಟು, ಅದೂ ಒಲ್ಲದ ಮನಸ್ಸಿನಿಂದ ಉರಿಯುತ್ತಿದೆ. ಎಂಟು ತಿಂಗಳ ಹೊಟ್ಟೆ ಕಟ್ಟೆಗೆ ತಾಗದಂತೆ ಓರೆಯಾಗಿ ನಿಂತ ಹೆಂಗಸೊಬ್ಬರು ಹಸಿರು ಬಟ್ಟೆಯ ಮೇಲೆ ಉಪಕರಣಗಳನ್ನು ಸಾಲಾಗಿ ಇಡುತ್ತಿದ್ದಾರೆ. ಕತ್ತರಿ, ಚಿಮಟ, ಸೂಜಿ ಹಿಡಿಯುವ ಇಕ್ಕಳ. ತುಟಿ ಅಲುಗುತ್ತದೆ, ದನಿಯಿಲ್ಲ. ಹದಿನೆಂಟಕ್ಕೆ ಬಂದು ನಿಲ್ಲುತ್ತಾರೆ. ಮತ್ತೆ ಒಂದರಿಂದ ಶುರು.

ಆಸ್ಪತ್ರೆಯಲ್ಲಿ ಎಲ್ಲರಿಗೂ ಇವರು ಸ್ಟೀಲಕ್ಕ. ಹದಿನೇಳು ವರ್ಷದಿಂದ ಇದೇ ಕೆಲಸ: ರಕ್ತ ಹತ್ತಿದ್ದನ್ನು ತೊಳೆ, ಒರೆಸು, ಎಣಿಸು, ಬಟ್ಟೆಯಲ್ಲಿ ಕಟ್ಟಿ ಆವಿಯ ಪೆಟ್ಟಿಗೆಗೆ ಹಾಕು. ಅಂಥ ಒಂದೊಂದು ಕಟ್ಟಿಗೂ ಸೆಟ್ ಎಂದು ಹೆಸರು. ದಿನಕ್ಕೆ ಹನ್ನೆರಡು ಸೆಟ್, ಸೋಮವಾರ ಹದಿನೈದು. ವಾಸಿಯಾದವರು ಡಾಕ್ಟರಿಗೆ ಕೈಮುಗಿಯುತ್ತಾರೆ, ಸಿಸ್ಟರುಗಳಿಗೆ ಸಿಹಿ ಹಂಚುತ್ತಾರೆ. ಈ ಕೋಣೆಯ ತನಕ ಡಬ್ಬಿ ಬಂದದ್ದಿಲ್ಲ. “ನನ್ನ ಮುಖ ಯಾರಿಗೂ ನೆನಪಿರಲ್ಲ. ನಾನು ಹತ್ತಿರ ಬರೋ ಹೊತ್ತಿಗೆ ಅವರಿಗೆ ಎಚ್ಚರವೇ ಇರಲ್ಲ” ಎಂದು ನಗುತ್ತಾರೆ.

ಆ ಎರಡನೇ ಎಣಿಕೆ ಯಾಕೆ ಎಂದು ಕೇಳಿದರೆ ನಗು ನಿಲ್ಲುತ್ತದೆ. ಅದು ಶುರುವಾಗಿ ಇನ್ನೂ ಎರಡು ತಿಂಗಳು ತುಂಬಿಲ್ಲ.

ಬಸುರಿಗೆ ಆರು ತುಂಬುವ ಹೊತ್ತಿಗೆ, ಸ್ನಾನ ಮಾಡುವಾಗ, ಎಡಗಂಕುಳಲ್ಲಿ ಗೋಲಿಯಷ್ಟು ಗಡ್ಡೆ ಕೈಗೆ ಸಿಕ್ಕಿತು. ಹದಿನೈದು ದಿನಕ್ಕೆ ಅದು ನಿಂಬೆಕಾಯಿಯಷ್ಟಾಯಿತು. ಡಾಕ್ಟರಮ್ಮ ಒತ್ತಿ ನೋಡಿ, “ಹೆರಿಗೆವರೆಗೂ ಕಾಯೋದು ಬೇಡ. ತೆಗೆದು ಪರೀಕ್ಷೆಗೆ ಕಳಿಸೋಣ. ಆ ಜಾಗಕ್ಕಷ್ಟೇ ಮರಗಟ್ಟೋ ಇಂಜೆಕ್ಷನ್ನು, ಮಗುಗೆ ಏನೂ ಆಗಲ್ಲ” ಅಂದರು. ಮದುವೆಯಾಗಿ ಒಂಬತ್ತು ವರ್ಷ. ಎರಡು ಸಲ ಮೂರನೇ ತಿಂಗಳಿಗೇ ಹೋಗಿತ್ತು. ‘ಏನೂ ಆಗಲ್ಲ’ ಎಂಬ ಮಾತನ್ನು ಥಿಯೇಟರಿನ ಬಾಗಿಲಲ್ಲಿ ಕಾಯುವ ಮನೆಯವರಿಗೆ ತಾವೇ ಸಾವಿರ ಸಲ ಹೇಳಿದವರು ಸ್ಟೀಲಕ್ಕ. ಅದಕ್ಕೇ ಅವರಿಗೆ ಅದರ ಮೇಲೆ ನಂಬಿಕೆ ಹುಟ್ಟಲಿಲ್ಲ.

ಅತ್ತೆ ತಮ್ಮದೇ ರೀತಿಯಲ್ಲಿ ಧೈರ್ಯ ಹೇಳಿದರು. “ಊರೋರನ್ನೆಲ್ಲ ಕೊಯ್ಯೋಕೆ ಕತ್ತರಿ ಜೋಡಿಸಿಕೊಡ್ತೀಯ. ನಿನ್ನ ಸರದಿ ಬಂದ್ರೆ ನಡುಕವಾ?”

“ಅದಕ್ಕೇ ಅತ್ತೆ ನಡುಕ. ಯಾವುದು ಎಲ್ಲಿಗೆ ಹೋಗತ್ತೆ ಅಂತ ನನಗೆ ಗೊತ್ತಲ್ಲ.”

ಇವರ ಕೆಲಸಕ್ಕೆ ಬದಲಿ ಜನವಿಲ್ಲ. ಹಾಗಾಗಿ ತಮ್ಮ ಆಪರೇಷನ್ನಿನ ಸೆಟ್ಟನ್ನು ಸ್ಟೀಲಕ್ಕ ತಾವೇ ಕಟ್ಟಿ, ತಾವೇ ಬೇಯಿಸಿ, ಕೈ ಒರೆಸಿಕೊಂಡು ಹೋಗಿ ಮೇಜಿನ ಮೇಲೆ ಮಲಗಿದರು.

ಬಲಸೊಂಟದ ಕೆಳಗೆ ದಿಂಬು, ಮುಖದ ಪಕ್ಕ ಹಸಿರು ಪರದೆ. ಕಣ್ಣಿಗೆ ದೀಪ ಬಿಟ್ಟರೆ ಬೇರೇನಿಲ್ಲ. ಕಿವಿಗೆ ಮಾತ್ರ ಎಲ್ಲವೂ ಕಾಣುತ್ತದೆ: ಇದು ಬ್ಲೇಡಿನ ಹಿಡಿಕೆ, ಇದು ಸಣ್ಣ ಕತ್ತರಿ. ಡಾಕ್ಟರಮ್ಮನ ದನಿ ಚುರುಕಾಗುತ್ತದೆ. “ಬಾಗಿದ ಆರ್ಟರಿ ಕೊಡಿ.” ರಕ್ತ ಸುರಿಯುವ ನಾಳವನ್ನು ಕಚ್ಚಿ ಹಿಡಿಯುವ ಇಕ್ಕಳ ಅದು. ಉಪಕರಣ ಎತ್ತಿಕೊಡುವ ದೊಡ್ಡ ಸಿಸ್ಟರ್ ಕೈ ಟ್ರೇಯಲ್ಲಿ ಒಮ್ಮೆ ತಡಕಾಡಿದ ಸದ್ದು. ಇನ್ನೊಮ್ಮೆ. ಮೂರನೇ ಸಲ.

“ಸೆಟ್ಟಲ್ಲಿ ಇಲ್ಲ ಡಾಕ್ಟ್ರೇ.”

“ಯಾರು ಕಟ್ಟಿದ್ದು ಇದನ್ನ?”

ಪರದೆಯ ಈಚೆಯಿಂದ ಉತ್ತರ ಬರುತ್ತದೆ: “ನಾನೇ.”

ಡಾಕ್ಟರಮ್ಮ ಬೆರಳಲ್ಲೇ ನಾಳವನ್ನು ಅದುಮಿ ಹಿಡಿಯುತ್ತಾರೆ. ಯಾರೋ ಇನ್ನೊಂದು ಸೆಟ್ಟಿಗೆ ಓಡುತ್ತಾರೆ. ನಾಲ್ಕು ನಿಮಿಷ. ಬೆಚ್ಚಗಿನದೇನೋ ಬೆನ್ನಿನತ್ತ ಇಳಿಯುತ್ತಿದೆ. ಸ್ಟೀಲಕ್ಕನನ್ನು ಹೆದರಿಸಿದ್ದು ಅದಲ್ಲ. “ಬೆಳಗಿಂದ ಒದೀತಾನೇ ಇತ್ತು. ಆಗ ಸುಮ್ಮನಾಗಿಬಿಡ್ತು. ಬಲಗೈ ಹೊಟ್ಟೆ ಮೇಲೇ ಇತ್ತು. ಅಲ್ಲಿ ಏನೂ ಇಲ್ಲ. ಕಲ್ಲಿನ ಮೇಲೆ ಕೈ ಇಟ್ಟಂಗೆ.”

ಹೊಲಿಗೆ ಮುಗಿದ ಮೇಲೆ ಡಾಕ್ಟರಮ್ಮ ಮಗುವಿನ ಎದೆಬಡಿತ ಕೇಳುವ ಯಂತ್ರವನ್ನು ಹೊಟ್ಟೆಗಿಟ್ಟರು. ಮೊದಲು ಬರೀ ಗಾಳಿಯ ಸದ್ದು. ಯಂತ್ರ ಪಕ್ಕಕ್ಕೆ ಜರುಗಿತು, ಅಲ್ಲೂ ಗಾಳಿ. ಇನ್ನೂ ಕೆಳಗೆ ಇಟ್ಟಾಗ, ದಡದಡ ದಡದಡ.

“ನೂರ ನಲವತ್ತೆಂಟು. ನಿದ್ದೆ ಹೊಡೀತಿದೆ ಕಣಮ್ಮ. ನಿನಗಿಂತ ಧೈರ್ಯ ಜಾಸ್ತಿ ಅದಕ್ಕೆ” ಅಂದರು ಡಾಕ್ಟರಮ್ಮ. ಸ್ಟೀಲಕ್ಕ ಅತ್ತದ್ದು ಆಗಲೇ.

ಗಡ್ಡೆ ಕೆಟ್ಟದ್ದಲ್ಲ, ಹಾಲಿನ ಗ್ರಂಥಿ ಊದಿಕೊಂಡದ್ದಷ್ಟೇ ಎಂದು ತಿಳಿಯಲು ಮತ್ತೆ ಹನ್ನೆರಡು ದಿನ ಹಿಡಿಯಿತು. ಕಾಣೆಯಾದ ಆರ್ಟರಿ ಅದೇ ಸಂಜೆ ಸಿಕ್ಕಿತ್ತು, ನಲ್ಲಿಯ ಮೇಲಿನ ಗೂಡಿನಲ್ಲಿ. “ಮರೆತೆ ಅಂತ ಎಲ್ಲರ ಹತ್ರ ಹೇಳಿದೆ” ಎನ್ನುತ್ತಾ ಸ್ಟೀಲಕ್ಕ ಅದನ್ನೇ ಎತ್ತಿ ಬಾಯಿ ಬಿಚ್ಚಿ ತೋರಿಸುತ್ತಾರೆ; ಒಳಗೆ ಸಣ್ಣ ಸಣ್ಣ ಹಲ್ಲು. “ಇದನ್ನ ನೋಡಿ, ಇದು ನನ್ನೊಳಗೆ ಹೋಗತ್ತಲ್ಲಾ ಅಂದ್ಕೊಂಡೆ. ಆಮೇಲೆ ಕೈ ತಾನಾಗೇ ಅಲ್ಲಿಟ್ಟುಬಿಡ್ತು. ಒಂದು ಸಲ ಎಣಿಸಿದೆ. ಹದಿನೇಳೇ ಇದ್ರೂ ಹದಿನೆಂಟು ಅಂತಲೇ ಬಂತು. ಹೆದರಿಕೆ ಎಣಿಸಿದ್ರೆ ಹಂಗೇ.”

ರಜೆಗೆ ಇನ್ನು ಎರಡು ವಾರ. ಆರ್ಟರಿಯನ್ನು ಅದರ ಜಾಗಕ್ಕಿಟ್ಟು, ಬಟ್ಟೆಯ ನಾಲ್ಕು ಮೂಲೆ ಮಡಿಸಿ ಗಟ್ಟಿಯಾಗಿ ಕಟ್ಟುತ್ತಾರೆ.

“ಹೆರಿಗೆ ಸೆಟ್ಟಲ್ಲಿ ಹನ್ನೊಂದು ಇರತ್ತೆ. ನನ್ನದನ್ನ ನನ್ನ ಕೈಗೆ ಕೊಡಬೇಡಿ ಅಂತ ದೊಡ್ಡ ಸಿಸ್ಟರಿಗೆ ಹೇಳಿಟ್ಟಿದೀನಿ. ಅವರೇ ಕಟ್ಟಲಿ” ಎನ್ನುತ್ತಾರೆ. ಗಂಟನ್ನು ಇನ್ನೊಮ್ಮೆ ಎಳೆದು, “ಅವತ್ತು ಬಿಚ್ಚುವಾಗ ಮಾತ್ರ ನನಗೆ ಕೇಳಿಸೋ ಹಾಗೆ ಒಂದೊಂದೇ ಟ್ರೇಗೆ ಇಡಲಿ. ನೋವು ಎಷ್ಟಾದರೂ ಇರಲಿ, ಹನ್ನೊಂದರ ತನಕ ನಾನು ಎಣಿಸ್ತೀನಿ.”