ಚೀನಾದಿಂದ ಬರಬೇಕಿದ್ದ ಮೋಟರು

ಮೂರನೇ ವರ್ಷದಲ್ಲಿ ಬಂದ ಪೋಲಿಯೊದಿಂದ ನನ್ನ ಎಡಗಾಲಿಗೆ ಬಲವಿಲ್ಲ. ಕಾಗಿನೆಲೆಯ ಶಾಲೆಯಲ್ಲಿ ನೌಕರಿ ಸಿಕ್ಕಾಗಿನಿಂದ ಬ್ಯಾಡಗಿಯ ನಮ್ಮ ಮನೆಯಿಂದ ಅಣ್ಣನೇ ದಿನಾ ಬೈಕಿನಲ್ಲಿ ಬಿಟ್ಟುಬರುತ್ತಿದ್ದ. ಹನ್ನೊಂದು ವರ್ಷ. ಆಮೇಲೆ ಹಿಂದೆ ಎರಡು ಪುಟ್ಟ ಗಾಲಿ ಜೋಡಿಸಿದ ಎಲೆಕ್ಟ್ರಿಕ್ ಸ್ಕೂಟರ್ ತಗೊಂಡೆ. ಮೊದಲ ಸಲ ನನಗೆ ಬೇಕಾದ ಹೊತ್ತಿಗೆ ನಾನೇ ಮನೆಯಿಂದ ಹೊರಟೆ.

ಎರಡು ವರ್ಷ ಚೆನ್ನಾಗಿಯೇ ಓಡಿತು. ಕಳೆದ ಮಳೆಗಾಲದಲ್ಲಿ ಒಂದು ಗುಂಡಿಗೆ ಇಳಿದದ್ದೇ ಹಿಂದಿನ ಚಕ್ರ ಕಟಕಟ ಎಂದು ಹಿಡಿದುಕೊಂಡಿತು. ರಾಣೆಬೆನ್ನೂರಿನ ಶೋರೂಮಿನವರು ನೋಡಿ, ಚಕ್ರದೊಳಗಿನ ಮೋಟರೇ ಹೋಗಿದೆ ಎಂದರು.

"ಹೊಸಾದು ಹಾಕ್ರಿ."

"ಸ್ಟಾಕ್ ಇಲ್ರಿ ಮೇಡಂ. ಅದರಾಗಿನ ಮ್ಯಾಗ್ನೆಟ್ ಚೀನಾದಿಂದ ಬರಬೇಕ್ರಿ. ಈಗ ಅಲ್ಲಿ ಸರ್ಕಾರದ ಪರವಾನಗಿ ಇಲ್ದ ಕಳಸಂಗಿಲ್ಲಂತ."

"ಯಾವಾಗ ಬರ್ತಾವ?"

"ಕಂಪನಿಯವ್ರೂ ಹೇಳವಲ್ರು."

ಪೇಪರಿನಲ್ಲಿ ಈ ಸುದ್ದಿ ಬಂದಿತ್ತು. ದೇಶದೇಶಗಳ ಸುಂಕದ ಜಗಳ, ನಮಗೇನು ಎಂದು ಪುಟ ಮಗುಚಿದ್ದೆ.

ಮತ್ತೆ ಅಣ್ಣನ ಬೈಕು. ಅವನದು ಮೆಣಸಿನಕಾಯಿ ವ್ಯಾಪಾರ. ಮಾಲಿಗೆ ದರ ನಿಗದಿಯಾಗುವ ಟೆಂಡರಿನ ದಿನ ಬೆಳಗ್ಗೆಯೇ ಮಾರ್ಕೆಟ್ಟಿನಲ್ಲಿರಬೇಕು. ಆದರೂ ಒಂದು ದಿನವೂ ಗೊಣಗಲಿಲ್ಲ. ಎರಡನೇ ತಿಂಗಳಲ್ಲಿ ಒಮ್ಮೆ ದಾರಿಯಲ್ಲಿ, "ಆ ಗಾಡಿ ಮಾರಿಬಿಡೂಣು. ನಿನ್ನ ಬಿಡಾಕ ನನಗೇನ್ ತ್ರಾಸಿಲ್ಲವ್ವಾ," ಎಂದ.

"ನನಗೈತಿ," ಎಂದೆ.

ಅವನು ನನ್ನನ್ನು ಶಾಲೆಯ ಬಾಗಿಲಲ್ಲಿ ಇಳಿಸಿ ಬೈಕು ತಿರುಗಿಸಿಕೊಂಡು ಹೋದ. ನೋಯಿಸಿಬಿಟ್ಟೆನಲ್ಲ ಎಂದು ಅವತ್ತು ನನಗೆ ಪಾಠದ ಮೇಲೆ ಮನಸ್ಸು ನಿಲ್ಲಲಿಲ್ಲ.

ಆ ಭಾನುವಾರ ಅವನೇ ಚಕ್ರ ಬಿಚ್ಚಿಸಿ ಚೀಲಕ್ಕೆ ಹಾಕಿ, ನನ್ನನ್ನೂ ಕರೆದುಕೊಂಡು ಹಲಗೇರಿಗೆ ಹೊರಟ. ಅಲ್ಲಿ ಪಂಪ್‌ಸೆಟ್ ಮೋಟರುಗಳಿಗೆ ತಂತಿ ಸುತ್ತುವ ವಯಸ್ಸಾದ ಮೇಸ್ತ್ರಿಯೊಬ್ಬರಿದ್ದಾರೆ. ಬಿಚ್ಚಿ ನೋಡಿ, "ತಂತಿ ಚಲೋ ಅದಾವ. ಮ್ಯಾಗ್ನೆಟ್ ಕಿತ್ತು ಒಡದಾವ. ಇಂಥಾದ್ದ ಹಳೇ ಚಕ್ರ ತರ್ರಿ, ಅದರಾಗಿನ ಮ್ಯಾಗ್ನೆಟ್ ಇದಕ್ಕ ಹಚ್ಚಿಕೊಡ್ತೇನಿ," ಎಂದರು.

ಅಣ್ಣ ಹಾವೇರಿಯ ಗುಜರಿ ಅಂಗಡಿಗಳನ್ನೆಲ್ಲ ತಿರುಗಿ, ಅಪಘಾತದಲ್ಲಿ ನುಜ್ಜಾದ ಅದೇ ಮಾದರಿಯ ಸ್ಕೂಟರಿನ ಚಕ್ರ ತಂದ. ರಿಮ್ಮು ಸೊಟ್ಟಗಾಗಿತ್ತು, ಮ್ಯಾಗ್ನೆಟ್ಟುಗಳು ಗಟ್ಟಿಯಿದ್ದವು. ಮೇಸ್ತ್ರಿ ಅವನ್ನು ಒಂದೊಂದಾಗಿ ಬಿಡಿಸಿ, ಧ್ರುವದ ದಿಕ್ಕು ನೋಡಿ, ಅಂಟು ಹಾಕಿ ನನ್ನ ಮೋಟರಿನೊಳಗೆ ಕೂರಿಸಿದರು. ಗಾಡಿ ಓಡಿತು. ಸ್ವಲ್ಪ ಗುಂಯ್‌ಗುಡುತ್ತದೆ, ಅಷ್ಟೆ.

ಮೊದಲ ದಿನ ಶಾಲೆಯಿಂದ ಬರುವಾಗ ಕೆರೆಯ ಹತ್ತಿರ ನಿಲ್ಲಿಸಿ ಹತ್ತು ನಿಮಿಷ ಸುಮ್ಮನೆ ಕುಳಿತೆ. ನನಗಾಗಿ ಯಾರೂ ಬೈಕು ನಿಲ್ಲಿಸಿಕೊಂಡು ಕಾಯುತ್ತಿರಲಿಲ್ಲ.

ಚಳಿಗಾಲದಲ್ಲಿ ಶೋರೂಮಿನಿಂದ ಫೋನ್ ಬಂತು. ಪರವಾನಗಿ ಸಿಕ್ಕಿದೆ, ಮೋಟರ್ ಬಂದಿದೆ ಎಂದರು. ಕಾಯುತ್ತಿರುವ ಇನ್ಯಾರಿಗಾದರೂ ಹಾಕಿರಿ ಎಂದೆ.